ಅಣ್ಣ ಬಲೆ ಬಿಟ್ಟು ಗುಳೆ ಹೋಗುತ್ತೇನೆ ಎನ್ನುತ್ತಾನೆ, ತಡೆಯಬೇಕೇ?

ಪ್ರಶ್ನೆ (ಹುಣಸಗಿ ತಾಲ್ಲೂಕು, ಯಾದಗಿರಿ ಜಿಲ್ಲೆ): ಸರ್, ನಮಸ್ಕಾರ. ನಮ್ಮದು ಕೃಷ್ಣೆಯ ಮೀನನ್ನೇ ನಂಬಿದ ಅಂಬಿಗರ ಮನೆತನ. ನಾರಾಯಣಪುರ ಜಲಾಶಯದಲ್ಲಿ ಹದಿನೆಂಟು ವರ್ಷ ಬಲೆ ಬೀಸಿದ ನಮ್ಮ ಅಣ್ಣ ಈಗ ಹರಿಗೋಲು ಮಾರಿ, ಅತ್ತಿಗೆ ಮಕ್ಕಳೊಂದಿಗೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವುದಾಗಿ ಹೇಳುತ್ತಿದ್ದಾನೆ. ನಸುಕಿನಲ್ಲಿ ನೀರಿಗಿಳಿಯುವಾಗ ಅವನಷ್ಟು ಖುಷಿಯಾಗಿರುವವರನ್ನು ನಾನು ಕಂಡಿಲ್ಲ. ಇಷ್ಟವಿರುವ ಕೆಲಸವನ್ನು ಬಿಡಲು ಏಕೆ ಹೊರಟಿದ್ದಾನೆ?

ಉತ್ತರ (ಮೀನುಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿ): ನೀರಿನ ಮೇಲಿನ ಖುಷಿ ಬೇರೆ, ಕಸುಬಿನ ಮೇಲಿನ ತೃಪ್ತಿ ಬೇರೆ. ಅಮೆರಿಕದ ಮಾನವಶಾಸ್ತ್ರಜ್ಞರಾದ ರಿಚರ್ಡ್ ಪೋಲ್‌ನ್ಯಾಕ್ ಮತ್ತು ಜಾನ್ ಪೋಗಿ 1970ರ ದಶಕದಿಂದಲೂ ಕಡಲ ಮೀನುಗಾರರಲ್ಲಿ ಇದನ್ನೇ ಕೆದಕಿದ್ದಾರೆ. ಗಳಿಕೆ, ಸುರಕ್ಷತೆಗಳ ತೃಪ್ತಿಯನ್ನು ಒಂದು ಕಡೆ, ಯಾರ ಕೈಕೆಳಗೂ ಇಲ್ಲದೆ ಸವಾಲಿನ ಕೆಲಸ ಮಾಡುವ ತೃಪ್ತಿಯನ್ನು ಇನ್ನೊಂದು ಕಡೆ ಇಟ್ಟು ಅವರು ಅಳೆದರು. ಎರಡನೆಯದು ತುಂಬಿದ್ದು ಮೊದಲನೆಯದು ಬರಿದಾಗಿದ್ದರೂ ಮನುಷ್ಯ ಬಹುಕಾಲ ಬಲೆ ಹಿಡಿದೇ ಇರುತ್ತಾನೆ. ನಿಮ್ಮ ಅಣ್ಣನ ಹದಿನೆಂಟು ವರ್ಷಗಳೂ ಹೀಗೆಯೇ ಕಳೆದಿರಬಹುದು.

ಆದರೆ ಕಡಲಿಗೆ ಗೇಟಿಲ್ಲ, ನಮ್ಮ ಜಲಾಶಯಕ್ಕೆ ಇದೆ. ಆಲಮಟ್ಟಿಯಿಂದ ನೀರು ಬಿಟ್ಟರೆ ಹರಿಗೋಲು ದಂಡೆಯಲ್ಲಿ ಮಗುಚಿ ಕೂರುತ್ತದೆ. 2019ರ ಆಗಸ್ಟ್ ಪ್ರವಾಹವನ್ನು ನೀವು ಮರೆತಿರಲಾರಿರಿ. ಬೇಸಿಗೆಯಲ್ಲಿ ನೀರು ಇಳಿದಾಗಲೂ ಅಂಬಿಗನ ಮಾತು ನಡೆಯದು. ಯಾರ ಹಂಗೂ ಇಲ್ಲದ ಕಸುಬು ಎಂಬ ಹೆಮ್ಮೆ ನಮ್ಮ ಒಳನಾಡಿನಲ್ಲಿ ಅರ್ಧ ಮಾತ್ರ ನಿಜ ಎಂಬುದು ಸೇವೆಯುದ್ದಕ್ಕೂ ನನಗೆ ಅನಿಸಿದ್ದು.

ಆದ್ದರಿಂದ ತಡೆಯುವ ಮುನ್ನ ಅವನಿಗೆ ಬೇಸರವಾಗಿರುವುದು ಯಾವುದರ ಮೇಲೆ ಎಂದು ಕೇಳಿರಿ. ಬಲೆಗೆ ಮುಂಗಡ ಕೊಟ್ಟು, ತೂಕ ದರ ಎರಡನ್ನೂ ತಾನೇ ಹೇಳುವ ದಲ್ಲಾಳಿಯ ಮೇಲಾದರೆ, ಆ ಮುಂಗಡದ ಬದಲು ಬ್ಯಾಂಕಿನಿಂದ ಸಾಲ ಪಡೆಯಲು 2018-19ರಿಂದ ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತಿದೆ. ಸಕಾಲಕ್ಕೆ ಮರುಪಾವತಿಸಿದರೆ ಬಡ್ಡಿ ವಾರ್ಷಿಕ ಶೇ 4. ಜೀವಭಯವಾದರೆ, ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ ಇದೆ, ಆದರೆ ಅದು ತೇಲುಜಾಕೆಟ್‌ಗೆ ಬದಲಿಯಲ್ಲ. ಮೊಣಕಾಲು ಸೋತಿದ್ದರೆ, ಅಥವಾ ಮಕ್ಕಳು ಈ ನೀರಿಗಿಳಿಯುವುದೇ ಬೇಡ ಎನಿಸಿದ್ದರೆ, ದಯವಿಟ್ಟು ತಡೆಯಬೇಡಿರಿ.

ಪ್ರತಿಕ್ರಿಯೆ (ಭಾಲ್ಕಿ, ಬೀದರ್ ಜಿಲ್ಲೆ): ಸರ್, ನಾನು ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವವನು. ನನ್ನ ಮಗ ಹೈದರಾಬಾದಿಗೆ ಹೋಗಿ ಎರಡು ವರ್ಷವಾಯಿತು. ಪ್ರತಿ ಬಾರಿ ಊರಿಗೆ ಬಂದಾಗಲೂ ಮೊದಲು ಬಲೆ ತೆಗೆದು ನೋಡುತ್ತಾನೆ. ಹೋದವರು ಮರಳಿ ಬರಬಹುದೇ?

ಉತ್ತರ: ಬರಬಹುದು, ಹರಿಗೋಲು ಮತ್ತು ಮೀನುಗಾರರ ಸಂಘದ ಸದಸ್ಯತ್ವ ಉಳಿದಿದ್ದರೆ. ಹುಣಸಗಿಯವರಿಗೂ ಇದನ್ನೇ ಹೇಳುತ್ತೇನೆ: ಹರಿಗೋಲನ್ನು ಮಾರುವುದಕ್ಕಿಂತ ಒಂದು ವರ್ಷದ ಮಟ್ಟಿಗೆ ಸಂಬಂಧಿಕರಿಗೆ ಪಾಲಿಗೆ ಕೊಡುವುದು ಮೇಲು. ಅವಸರದಲ್ಲಿ ಮಾರಿದ ಹರಿಗೋಲಿಗೆ ಬೆಲೆ ಬರುವುದಿಲ್ಲ, ಮತ್ತೆ ಕೊಳ್ಳುವಾಗ ಸಾಲವಿಲ್ಲದೆ ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ನಿನ್ನೆ ರಾತ್ರಿ ಅಣ್ಣನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರಿನ ಮೇಲೆ ನನಗೇನೂ ಬೇಸರವಿಲ್ಲ, ದಂಡೆಗೆ ಬಂದು ತಕ್ಕಡಿ ನೋಡಿದಾಗ ಬೇಸರ" ಎಂದ. ಮುಂಗಡ ಇನ್ನೂ ತೀರಿಲ್ಲವಂತೆ.

ಉತ್ತರ: ಹಾಗಾದರೆ ಬೆಂಗಳೂರಿಗೆ ಹೋದರೂ ಆ ಮುಂಗಡ ಬೆನ್ನ ಹಿಂದೆಯೇ ಬರುತ್ತದೆ. ಕಳೆದ ಎರಡು ತಿಂಗಳು ಹಿಡಿದ ಮೀನಿನ ತೂಕ, ದಲ್ಲಾಳಿ ಕೊಟ್ಟ ದರ, ಹಿಡಿದುಕೊಂಡ ಮೊತ್ತ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ, ಬ್ಯಾಂಕಿನ ಪಾಸ್‌ಬುಕ್ ಮತ್ತು ಸಂಘದ ಸದಸ್ಯತ್ವದ ಪುಸ್ತಕ ಹಿಡಿದು ಅಣ್ಣನನ್ನೂ ಕರೆದುಕೊಂಡು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿರಿ. ಹರಿಗೋಲಿನ ಮಾತು ಆಮೇಲೆ.