ಕೊಡಗಿನಲ್ಲಿ ಇದ್ದುಕೊಂಡೇ ಸಣ್ಣ ಗಿಗ್‌ಗಳಿಗೆ (ಬ್ಯಾಂಡುಗಳ ಲೈವ್ ಶೋ) ತಪ್ಪದೆ ಹೋಗುವುದು ಹೇಗೆ?

ಮಾದಾಪುರ ತೋಟ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಮಾದಾಪುರದ ಹತ್ತಿರದ ನಮ್ಮ ತೋಟಕ್ಕೆ ವಾಪಸ್ ಬಂದಿದ್ದೇನೆ. ಅಪ್ಪ ಒಬ್ಬರೇ ಎಲ್ಲಾ ನೋಡಿಕೊಳ್ಳುವುದು ಕಷ್ಟವಾಗಿತ್ತು. ಬಂದದ್ದಕ್ಕೆ ಬೇಜಾರಿಲ್ಲ. ಆದರೆ ಶನಿವಾರ ಸಂಜೆಯಾದರೆ ಗಿಗ್ ನೆನಪಾಗಿ ಕೈಕಾಲು ಆಡುವುದಿಲ್ಲ.

ದೊಡ್ಡ ಮೈದಾನದ ಶೋ ಅಲ್ಲ ನಾನು ಹೇಳುತ್ತಿರುವುದು. ಐವತ್ತು, ನೂರು ಜನ ಹಿಡಿಸುವ ಜಾಗ, ಸ್ವಂತ ಹಾಡು ಕಟ್ಟುವ ಬ್ಯಾಂಡು. ಬೆಂಗಳೂರಿನ ಇಂದಿರಾನಗರದಲ್ಲಿ ಗಿಗ್ ನಡೆಯುತ್ತಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ಸಂಕಟವಾಗಿತ್ತು. ಆಮೇಲೂ ಬೇರೆ ಬೇರೆ ಕಡೆ ಹುಡುಕಿಕೊಂಡು ಹೋಗುತ್ತಿದ್ದೆ. ಒಂದೇ ಬ್ಯಾಂಡನ್ನು ಮತ್ತೆ ಮತ್ತೆ ಕೇಳಿದರೆ ಹಾಡು ಬೆಳೆಯುವುದು ಗೊತ್ತಾಗುತ್ತದೆ. ಬರೀ ಗಿಟಾರ್ ಜೊತೆ ಹಾಡಿದ್ದ ಹಾಡಿಗೆ ಮುಂದಿನ ಸಲ ಬೇಸ್ ಸೇರಿರುತ್ತದೆ, ಎರಡನೇ ಚರಣ ಪೂರ್ತಿ ಬದಲಾಗಿರುತ್ತದೆ. ಡ್ರಮ್ಮರ್ ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸುವುದು ನಮ್ಮ ಮುಂದೆಯೇ ನಡೆಯುತ್ತದೆ. ರೆಕಾರ್ಡಿಂಗಿನಲ್ಲಿ ಅದನ್ನೆಲ್ಲ ಕತ್ತರಿಸಿ ಹಾಕಿರುತ್ತಾರೆ, ಅಲ್ವಾ?

ಇಲ್ಲಿದ್ದುಕೊಂಡು ಈ ರೂಢಿ ಉಳಿಸಿಕೊಂಡವರು ಯಾರಾದರೂ ಇದ್ದೀರಾ? ಹೋಗಿಬರುವುದು ಹೇಗೆ? ನಮ್ಮ ಜಿಲ್ಲೆಯಲ್ಲೇ ಏನಾದರೂ ಮಾಡಬಹುದಾ? ರೆಸಾರ್ಟುಗಳಲ್ಲಿ ಸಿನಿಮಾ ಹಾಡು ಹಾಡುತ್ತಾರೆ, ಅವರ ಮೇಲೆ ಕೋಪವಿಲ್ಲ. ಆದರೆ ನನಗೆ ಬೇಕಾಗಿರುವುದು ಅದಲ್ಲ.

ಕುಶಾಲನಗರ ಕೇಳುಗ:
ಆಗುತ್ತದೆ, ನಾನು ಹೋಗುತ್ತಲೇ ಇದ್ದೇನೆ. ವಾರ ವಾರ ಅಂತ ಆಸೆ ಇಟ್ಟುಕೊಳ್ಳಬೇಡಿ. ತೋಟದ ಕೆಲಸ ನೋಡಿಕೊಂಡು ತಿಂಗಳಿಗೊಂದು ಅಂತ ಇಟ್ಟುಕೊಳ್ಳಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆಗ ನೀವು ಎಲ್ಲಿಗೂ ಹೊರಡುವ ಹಾಗಿಲ್ಲ. ಏಪ್ರಿಲ್, ಮೇ ಒಳ್ಳೆಯದು. ಮಳೆಗಾಲದಲ್ಲೂ ಬಿಡುವಿರುತ್ತದೆ. ಆದರೆ 2018ರ ಆಗಸ್ಟಿನ ಮಳೆ, ಭೂಕುಸಿತವನ್ನು ಮಾದಾಪುರದವರಿಗೆ ನಾನು ನೆನಪಿಸಬೇಕಾಗಿಲ್ಲ. ರೆಡ್ ಅಲರ್ಟ್ ಇದ್ದರೆ ಟಿಕೆಟ್ ದುಡ್ಡು ಹೋದರೂ ಸರಿ, ಹೊರಡಬೇಡಿ.

ಕಾರು ತೆಗೆದುಕೊಂಡು ಹೋಗಬೇಡಿ. ಗಿಗ್ ಮುಗಿಸಿ ನಿದ್ದೆಗಣ್ಣಲ್ಲಿ ಇಷ್ಟು ದೂರ ಓಡಿಸುವುದು ಬೇಡವೇ ಬೇಡ. ಇಂದಿರಾನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ದೀಪಾಂಜಲಿ ನಗರ. ಅಲ್ಲಿಂದ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ. ಮಡಿಕೇರಿ ರಾತ್ರಿ ಬಸ್ಸಿಗೆ ಮೊದಲೇ ಸೀಟ್ ಮಾಡಿಸಿಡಿ. ಸುಂಟಿಕೊಪ್ಪದಲ್ಲಿ ಇಳಿದರೆ ನಿಮ್ಮ ಮನೆ ಕಡೆ ಬೆಳಗಿನ ಬಸ್ ಹಿಡಿಯಬಹುದು. ಮೈಸೂರನ್ನೂ ಮರೆಯಬೇಡಿ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಅಷ್ಟೇ. ರಘು ದೀಕ್ಷಿತ್ ಬೆಳೆದ ಊರು ಅದು.

ಇನ್ನೊಂದು, ಕಿವಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು ಅನ್ನುತ್ತಾರೆ. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಹೋದರೆ ಕಾಲು ಗಂಟೆ ಮಾತ್ರ. ಸಣ್ಣ ಕೋಣೆಯಲ್ಲಿ ಡ್ರಮ್ ಪಕ್ಕ ನಿಂತರೆ ಅಲ್ಲಿಗೆ ತಲುಪುವುದು ಏನೂ ದೊಡ್ಡದಲ್ಲ. ಹಾಡು ಮಂಕಾಗದ ಹಾಗೆ ಸದ್ದು ಮಾತ್ರ ತಗ್ಗಿಸುವ, ಸಂಗೀತಗಾರರು ಹಾಕುವ ಇಯರ್‌ಪ್ಲಗ್ ತೆಗೆದುಕೊಳ್ಳಿ. ತಪ್ಪದೆ ಹೋಗುವವರಿಗೆ ಇದು ಬೇಕೇ ಬೇಕು.

ನಾಪೋಕ್ಲು ಬೇಸ್:
ನಾನು ನುಡಿಸುವವನು, ಈಗ ಬೆಂಗಳೂರಲ್ಲಿದ್ದೇನೆ. ವೇದಿಕೆ ಕಡೆಯಿಂದ ಒಂದೆರಡು ಮಾತು. ದಯವಿಟ್ಟು ಮೊದಲ ಬ್ಯಾಂಡಿನ ಹೊತ್ತಿಗೇ ಬನ್ನಿ. ಖಾಲಿ ಕುರ್ಚಿಗಳಿಗೆ ಹಾಡುವುದು ತುಂಬಾ ಕಷ್ಟ. ಪರಿಚಯ ಇದೆ ಅಂತ ಗೆಸ್ಟ್ ಲಿಸ್ಟ್ ಕೇಳಬೇಡಿ, ಟಿಕೆಟ್ ತೆಗೆದುಕೊಳ್ಳಿ. ಎಷ್ಟೋ ಕಡೆ ಬಾಗಿಲಲ್ಲಿ ಬಂದ ದುಡ್ಡಿನಲ್ಲೇ ನಮ್ಮ ಪಾಲು. ಹಾಡು ಇಷ್ಟವಾದರೆ ಬ್ಯಾಂಡ್‌ಕ್ಯಾಂಪ್ ಅನ್ನುವ ಹಾಡು ಮಾರುವ ವೆಬ್‌ಸೈಟಿನಲ್ಲಿ ಕೊಳ್ಳಿ. ಸಾಮಾನ್ಯವಾಗಿ ಅವರು ಡಿಜಿಟಲ್ ಮಾರಾಟದಲ್ಲಿ 15% ಇಟ್ಟುಕೊಳ್ಳುತ್ತಾರೆ. ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಅಂತ ಘೋಷಿಸಿದ ದಿನ ಅದನ್ನೂ ಬಿಟ್ಟುಕೊಡುತ್ತಾರೆ.

ಮುಗಿದ ಮೇಲೆ ಬಂದು ಯಾವ ಹಾಡು ಹಿಡಿಸಿತು ಅಂತ ಹೇಳಿ. ಒಬ್ಬರು ಹೇಳಿದ ಒಂದೇ ಮಾತಿಗೆ ನಾವು ಕೈಬಿಡಬೇಕೆಂದಿದ್ದ ಹಾಡನ್ನು ಉಳಿಸಿಕೊಂಡಿದ್ದೇವೆ.

ಸಿದ್ದಾಪುರ ಅಕ್ಕ:
ನಮ್ಮ ಕಾಫಿ ಕಣದಲ್ಲೇ ಮಾಡಿದ್ದೇವೆ! ಕೊಯ್ಲು ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಆದರೆ ಸಿಮೆಂಟ್ ನೆಲ ಸದ್ದನ್ನು ವಾಪಸ್ ಎಸೆಯುತ್ತದೆ. ಮೈಕ್ ಚೆಕ್ ಮಾಡುವಾಗ ಹಾಡಿನ ಮಾತೇ ತಿಳಿಯಲಿಲ್ಲ. ಗೋಡೌನಿನಿಂದ ಗೋಣಿಚೀಲ ತಂದು ಡ್ರಮ್ ಕೆಳಗೆ, ಸುತ್ತಮುತ್ತ ಎರಡು ಪದರ ಹಾಸಿದೆವು. ಹಿಂದಿನ ಗೋಡೆಗೂ ಇಳಿಬಿಟ್ಟೆವು. ಪೂರ್ತಿ ಅಲ್ಲದಿದ್ದರೂ ಎಷ್ಟೋ ಸರಿಹೋಯಿತು. ಜನರೇಟರ್ ಗೋಡೌನಿನ ಆಚೆಗೆ ಇಡಿ, ಉದ್ದದ ವೈರ್ ಎಳೆಯಿರಿ. ಏಪ್ರಿಲ್ ಮಳೆ ಹೇಳಿ ಕೇಳಿ ಬರುವುದಿಲ್ಲ, ಆಂಪ್ಲಿಫೈಯರ್ ಮುಚ್ಚಲು ಟಾರ್ಪಾಲ್ ಕೈಗೆ ಸಿಗುವ ಹಾಗಿರಲಿ.

ಮೈಕ್‌ಗೆ ಮೊದಲೇ ಬರಹದ ಅನುಮತಿ ಪಡೆಯಿರಿ. ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ನಾವಂತೂ ಮಧ್ಯಾಹ್ನ 3ಕ್ಕೆ ಶುರು ಮಾಡಿ ಬೆಳಕಿರುವಾಗಲೇ ಮುಗಿಸುತ್ತೇವೆ. ಕತ್ತಲಾದರೆ ನಮ್ಮ ರಸ್ತೆಯಲ್ಲಿ ಆನೆ ಓಡಾಟ ಜಾಸ್ತಿ. ಬಂದವರು ಸುರಕ್ಷಿತವಾಗಿ ಮನೆ ಸೇರಬೇಕಲ್ಲ. ಹಗಲಲ್ಲಿ ಇಟ್ಟಿದ್ದರಿಂದ ವಯಸ್ಸಾದವರೂ ಬಂದರು. ಹುತ್ತರಿಗೆ ದುಡಿ ಬಾರಿಸುವ ಪಕ್ಕದ ತೋಟದ ಅಜ್ಜ ಕೊನೆವರೆಗೂ ಕೂತಿದ್ದು, ಡ್ರಮ್ಮರ್ ಹುಡುಗನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಇಬ್ಬರೂ ಕೂತು ತಾಳದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು!

ಮಾದಾಪುರ ತೋಟ:
ಅಕ್ಕ, ತುಂಬಾ ಥ್ಯಾಂಕ್ಸ್. ನಮ್ಮ ಕಣದ ಒಂದು ಬದಿಗೆ ಗೋಡೌನ್ ಗೋಡೆ ಇದೆ, ಇನ್ನೊಂದು ಬದಿ ಸಿಲ್ವರ್ ಓಕ್ ಸಾಲು. ಬ್ಯಾಂಡನ್ನು ಗೋಡೆ ಕಡೆ ಕೂರಿಸಲಾ, ಮರದ ಕಡೆ ಕೂರಿಸಲಾ? ಬೇಸ್ ಅಣ್ಣ, ಮೇ ತಿಂಗಳಲ್ಲಿ ಒಂದು ಭಾನುವಾರ ನಿಮ್ಮವರಿಗೆ ಬಿಡುವಿದೆಯಾ? ಎಷ್ಟು ಕೊಡಬೇಕು, ಎಷ್ಟು ಕರೆಂಟ್ ಬೇಕು ಅಂತ ಮೆಸೇಜ್ ಹಾಕಿ. ಊಟ, ಮಲಗುವ ವ್ಯವಸ್ಥೆ ನಮ್ಮ ಮನೆಯಲ್ಲೇ. ಅಪ್ಪ ಒಪ್ಪಿದ್ದಾರೆ.