ಡ್ರಮ್ ಕೊಯ್ದು ಮಾಡಿದ ಜಿಪ್ಸಿ ಫ್ಲೇರ್ ಬಿಸಿಲಿಗೆ ಉಬ್ಬಿ ಸೀಳುತ್ತಿದೆ, ಮಡ್ ಫ್ಲಾಪೂ ಕಿತ್ತು ಬಂತು

ಪ್ರಶ್ನೆ, ಸಂಡೂರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಮಾರುತಿ ಜಿಪ್ಸಿ. 205/70 ಆರ್ 15 ಟೈರ್ ತೆಗೆದು 235/75 ಆರ್ 15 ಹಾಕಿದ್ದೇನೆ. ಟೈರ್ ಮಡ್‌ಗಾರ್ಡ್‌ನಿಂದ ಎರಡು ಬೆರಳು ಹೊರಗೆ ಬಂತು. ನಮ್ಮ ಗಣಿ ದಾರಿ ನಿಮಗೆ ಗೊತ್ತಲ್ಲ, ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಯಲ್ಲಿ ಕೆಂಪು ರಾಡಿ. ಎಲ್ಲ ಬಾಗಿಲಿಗೆ, ಕನ್ನಡಿಗೆ ರಾಚುತ್ತಿತ್ತು.

ಗುಜರಿಯಲ್ಲಿ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಸಿಕ್ಕಿತು. ರಟ್ಟಿನಲ್ಲಿ ಅಚ್ಚು ತೆಗೆದು, ಜಿಗ್‌ಸಾದಲ್ಲಿ ಕೊಯ್ದು, ಹೀಟ್ ಗನ್ ಹಿಡಿದು ಬಗ್ಗಿಸಿ ನಾಲ್ಕೂ ಚಕ್ರಕ್ಕೆ ಫ್ಲೇರ್, ಅಂದರೆ ಮಡ್‌ಗಾರ್ಡ್ ಅಂಚಿನಿಂದ ಹೊರಗೆ ಚಾಚುವ ಪಟ್ಟಿ, ನಾನೇ ಮಾಡಿ ಕೂರಿಸಿದೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಕೂತಿತ್ತು. ಏಪ್ರಿಲ್ ಬಂತು ನೋಡಿ, ಬೋಲ್ಟ್‌ನಿಂದ ಬೋಲ್ಟ್‌ಗೆ ಹಪ್ಪಳದ ಹಾಗೆ ಉಬ್ಬಿದೆ. ಮೂರು ಕಡೆ ತೂತಿನಿಂದ ಸೀಳು ಬಿಟ್ಟಿದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಗುಂಡಿಗೆ ಇಳಿದರೆ ಮುಂದಿನ ಟೈರ್ ಫ್ಲೇರ್‌ಗೆ ಉಜ್ಜುತ್ತದೆ.

ರಾಡಿ ಹಾರದ ಹಾಗೆ ಚಕ್ರದ ಹಿಂದೆ ನೇತುಹಾಕಿದ ಮಡ್ ಫ್ಲಾಪ್ ಹಳೇ ಕನ್ವೇಯರ್ ಬೆಲ್ಟ್‌ದು, ಇಲ್ಲಿ ಅದಕ್ಕೇನು ಬರ ಇಲ್ಲ. ಮೊನ್ನೆ ಬಂಡೆಯಿಂದ ರಿವರ್ಸ್ ಇಳಿಯುವಾಗ ಹಿಂದಿನ ಬಲಗಡೆಯದನ್ನು ಟೈರ್ ತುಳಿದು, ತಗಡು ಸಮೇತ ಕಿತ್ತುಕೊಂಡು ಬಂತು. ಏನು ಮಾಡಲಿ?

ಲಿಂಗಸುಗೂರಿನಿಂದ

ಬೋಲ್ಟ್ ಎಷ್ಟು ದಪ್ಪ, ತೂತು ಎಷ್ಟು? ಒಂದು ಫ್ಲೇರ್‌ಗೆ ಎಷ್ಟು ಬೋಲ್ಟ್? ವಾಷರ್ ಯಾವುದು? ಕೊಯ್ದ ಅಂಚಿಗೆ ಉಪ್ಪು ಕಾಗದ ಹೊಡೆದಿದ್ದೀರಾ?

ಸಂಡೂರಿನಿಂದ

ಅಣ್ಣಾ, 6 ಮಿ.ಮೀ. ಬೋಲ್ಟ್, ತೂತೂ 6 ಮಿ.ಮೀ. ಒಂದು ಫ್ಲೇರ್‌ಗೆ ಐದು. ಮಾಮೂಲಿ ಸಣ್ಣ ವಾಷರ್. ಅಲ್ಲಾಡಬಾರದು ಅಂತ ಸ್ಪ್ಯಾನರ್‌ನಲ್ಲಿ ಚೆನ್ನಾಗಿ ಬಿಗಿದೆ. ಅಂಚು ಜಿಗ್‌ಸಾ ಕೊಯ್ದ ಹಾಗೇ ಇದೆ.

ಗಂಗಾವತಿಯಿಂದ

ನಿನ್ನ ಕೈಕೆಲಸ ಚೆನ್ನಾಗೇ ಇದೆ ತಮ್ಮಾ. ಬಿಗಿದದ್ದು ಜಾಸ್ತಿ ಆಯಿತು. ನಾನು ಮಹೀಂದ್ರಾ ಜೀಪಿಗೆ ಇದೇ ಕೆಲಸ ಮಾಡಿ ಎರಡು ಜೊತೆ ಒಡೆದ ಮೇಲೆ ಇದನ್ನು ಕಲಿತೆ.

ಈ ಡ್ರಮ್ ಎಚ್‌ಡಿಪಿಇ ಪ್ಲಾಸ್ಟಿಕ್. ಬಿಸಿಗೆ ಹಿಗ್ಗುವುದು ತಗಡಿನ ಹತ್ತು ಪಟ್ಟಿಗಿಂತಲೂ ಜಾಸ್ತಿ. ಒಂದು ಮೀಟರ್ ಪಟ್ಟಿ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಮಿ.ಮೀ. ಉದ್ದ ಆಗುತ್ತದೆ. ಬೆಳಗಿನ ಜಾವ 25 ಡಿಗ್ರಿ ಇದ್ದದ್ದು ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಗಾಡಿ ನಿಲ್ಲಿಸಿದರೆ 65 ಮುಟ್ಟಬಹುದು. ಅಲ್ಲಿಗೆ 6 ಮಿ.ಮೀ. ಆಯಿತು. ತೂತು ಬಿಗಿ ಇದ್ದರೆ ಆ 6 ಮಿ.ಮೀ. ಎಲ್ಲಿಗೆ ಹೋಗಬೇಕು? ಬೋಲ್ಟ್‌ಗಳ ನಡುವೆ ಉಬ್ಬುತ್ತದೆ. ರಾತ್ರಿ ಕುಗ್ಗುವಾಗ ಬೋಲ್ಟ್ ಹಿಡಿದು ಎಳೆಯುತ್ತದೆ. ಜಿಗ್‌ಸಾ ಹಲ್ಲಿನ ಕಚ್ಚು, ಡ್ರಿಲ್‌ನ ಒರಟು ಉಳಿದ ಕಡೆ ಸೀಳು ಶುರುವಾಗುತ್ತದೆ.

ಹಾಗಾಗಿ ಫ್ಲೇರ್ ಬಿಚ್ಚು. ನಡುವಿನ ಒಂದೇ ಒಂದು ತೂತು ದುಂಡಗೆ ಇರಲಿ, ಫ್ಲೇರ್ ನಿಲ್ಲುವುದು ಅದರ ಮೇಲೆ. ಉಳಿದ ತೂತುಗಳನ್ನೆಲ್ಲ ಫ್ಲೇರ್‌ನ ಉದ್ದಕ್ಕೆ ಎಳೆದು, 14 ಮಿ.ಮೀ. ಉದ್ದದ ಅವರೆಕಾಳಿನ ಆಕಾರ ಮಾಡು. ತೂತು ಅಡ್ಡಕ್ಕೆ ಅಗಲ ಆಗಬಾರದು. ಐದು ಬೋಲ್ಟ್ ಸಾಲದು, ಹತ್ತು ಸೆಂಟಿಮೀಟರಿಗೆ ಒಂದು ಬೇಕು. ವಾಷರ್ ಅಗಲದ್ದು ಹಾಕು, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಅದರ ಕೆಳಗೆ ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರ್. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲ ಆಗದ ನಟ್) ವಾಷರ್‌ಗೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತು ವಾಪಸ್ ಬಿಡು. ಬೆರಳಲ್ಲಿ ತಳ್ಳಿದರೆ ಫ್ಲೇರ್ ಸ್ವಲ್ಪ ಜರುಗಬೇಕು. ಈ ಜೋಡಣೆ ಸಂಜೆ ಹೊತ್ತು ಮಾಡು. ನಡುಮಧ್ಯಾಹ್ನ ಕೂರಿಸಿದರೆ ಪ್ಲಾಸ್ಟಿಕ್ ಆಗಲೇ ಪೂರ್ತಿ ಹಿಗ್ಗಿರುತ್ತದೆ.

ಈಗ ಬಿಟ್ಟಿರುವ ಸೀಳಿನ ತುದಿಗೆ ಸರಿಯಾಗಿ 4 ಮಿ.ಮೀ. ತೂತು ಹೊಡೆದರೆ ಮುಂದೆ ಓಡುವುದಿಲ್ಲ. ಸೂಪರ್ ಗ್ಲೂ, ಎಪಾಕ್ಸಿ ತರಬೇಡ, ಈ ಪ್ಲಾಸ್ಟಿಕ್‌ಗೆ ಯಾವುದೂ ಹಿಡಿಯುವುದಿಲ್ಲ. ಬಣ್ಣವೂ ಅಷ್ಟೇ, ಸಿಪ್ಪೆಯ ಹಾಗೆ ಏಳುತ್ತದೆ. ಮುಂದಿನ ಸಲ ಕರಿ ಡ್ರಮ್ ಸಿಕ್ಕರೆ ಅದನ್ನೇ ತಗೋ. ಅದರಲ್ಲಿರುವ ಕಾರ್ಬನ್ ಬಿಸಿಲಿನಿಂದ ಕಾಪಾಡುತ್ತದೆ. ಔಷಧಿ, ಆ್ಯಸಿಡ್ ತುಂಬಿದ್ದ ಡ್ರಮ್‌ಗೆ ಮಾತ್ರ ಹೀಟ್ ಗನ್ ಹಿಡಿಯಬೇಡ, ಹೊಗೆ ಕೆಟ್ಟದ್ದು.

ತಗಡಿಗೆ ಹೊಡೆದ ಪ್ರತಿ ತೂತಿಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚು. ಇದನ್ನು ಸುಮ್ನೆ ಬಿಡಬೇಡ. ಅದಿರಿನ ಧೂಳು ಫ್ಲೇರ್ ಒಳಗೆ ಸೇರಿ, ತೇವ ಹಿಡಿದು ಕೂತರೆ ಒಂದೇ ಮಳೆಗಾಲಕ್ಕೆ ತುಕ್ಕು. ಅಂಚಿಗೆ ಬಾಗಿಲಿನ ರಬ್ಬರ್ ಬೀಡಿಂಗ್ ಕೊಡು, ಕೆಳತುದಿಯಲ್ಲಿ ನೀರು ಇಳಿಯಲು ಒಂದು ಬೆರಳು ಜಾಗ ಬಿಡು.

ಇನ್ನು ಟೈರ್ ಉಜ್ಜುವುದು. ನಿನ್ನ ಹೊಸ ಟೈರ್ ಹಳೆಯದಕ್ಕಿಂತ 66 ಮಿ.ಮೀ. ಎತ್ತರ, 30 ಮಿ.ಮೀ. ಅಗಲ. ಸಪಾಟು ನೆಲದಲ್ಲಿ ನಿಲ್ಲಿಸಿ ಅಳತೆ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಹೊಲದ ಬದುವಿಗೆ ಮುಂದಿನ ಎಡ ಚಕ್ರ ಹತ್ತಿಸು, ಹಿಂದಿನ ಬಲ ಚಕ್ರ ಇನ್ನೊಂದು ದಿಬ್ಬಕ್ಕೆ. ಟೈರಿನ ಭುಜಕ್ಕೆ, ಅಂದರೆ ಮೇಲ್ಮೈ ಪಕ್ಕಕ್ಕೆ ತಿರುಗುವ ಅಂಚಿಗೆ, ಒದ್ದೆ ಸುಣ್ಣ ಬಳಿದು, ನಿಧಾನಕ್ಕೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸು. ಫ್ಲೇರ್ ಒಳಗೆ ಬಿಳಿ ಎಲ್ಲಿ ಅಂಟಿತೋ ಅಲ್ಲಿ ಮಾತ್ರ ಎರಡು ಸೆಂಟಿಮೀಟರ್ ಕೊಯ್ಯಿ. ಆಮೇಲೆ ಬಲ ಚಕ್ರಕ್ಕೂ ಹೀಗೇ. ಅಂದಾಜಿನ ಮೇಲೆ ಸುತ್ತಲೂ ಕೊಯ್ದರೆ ರಾಡಿ ತಡೆಯಲು ಏನೂ ಉಳಿಯುವುದಿಲ್ಲ.

ಫ್ಲಾಪ್ ವಿಷಯ. 10 ಮಿ.ಮೀ. ದಪ್ಪದ ಬೆಲ್ಟ್ ತುಂಡು ಒಂದು ಅಡಿ ಅಗಲ, ಒಂದೂಕಾಲು ಅಡಿ ಉದ್ದ ಇದ್ದರೆ ಒಂದೂವರೆ ಕಿಲೋ ಹತ್ತಿರ ತೂಗುತ್ತದೆ. ಅಷ್ಟು ಭಾರ ಬಾಡಿ ತಗಡಿನಲ್ಲಿ ನೇತಾಡಬಾರದು. ಚಾಸಿಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಅದಕ್ಕೆ ತೂಗು ಹಾಕು. ಬೆಲ್ಟ್‌ನ ಮುಂದೆ, ಹಿಂದೆ ಎರಡೂ ಕಡೆ ಪಟ್ಟಿ ಇಟ್ಟು ನಡುವೆ ಅದುಮಿದರೆ ತೂತು ಹರಿಯುವುದಿಲ್ಲ. ಒಳಗೆ ಬಟ್ಟೆ ಪದರ ಇರುವ ಬೆಲ್ಟ್ ಸಾಕು. ಉಕ್ಕಿನ ತಂತಿ ಇರುವುದು ಬೇಡ, ತಂತಿ ಹೊರಗೆ ಬಂದರೆ ಟೈರ್ ಕೊಯ್ಯುತ್ತದೆ. ಕೆಳತುದಿಗೆ ಒಂದು ಕೊಂಡಿ, ಸಣ್ಣ ಸರಪಳಿ ಇರಲಿ. ಬಂಡೆ ಕೆಲಸ ಬಂದಾಗ ಎತ್ತಿ ಮೇಲೆ ಸಿಗಿಸು, ರಸ್ತೆಗೆ ಬಂದಾಗ ಇಳಿಸು.

ಸಿಂಧನೂರಿನಿಂದ

ಗಂಗಾವತಿ ಅಣ್ಣ ಹೇಳಿದ್ದು ಕೆಂಪು ನೆಲಕ್ಕೆ ಸರಿ. ನಮ್ಮ ಎರೆ ಮಣ್ಣಿನ ಕಡೆ ಬರುವವರಿಗೆ ಒಂದು ಮಾತು. ಟೈರ್‌ಗೂ ಫ್ಲಾಪ್‌ಗೂ ನಾಲ್ಕು ಬೆರಳು ಜಾಗ ಸಾಲದು, ಒಂದು ಗೇಣು ಬೇಕು. ಒದ್ದೆ ಎರೆ ಟೈರ್ ಹಿಡಿದುಕೊಂಡು ಮೇಲೆ ಹೋಗಿ ಫ್ಲೇರ್ ಒಳಗೆ ಮೆತ್ತುತ್ತದೆ. ಮೂರು ಸುತ್ತಿಗೆ ಚಕ್ರವೇ ತಿರುಗುವುದಿಲ್ಲ. ಕಾಲುವೆ ಬದಿಯ ಗದ್ದೆ ದಾರಿಯಲ್ಲಿ ನನಗೆ ಹೀಗೇ ಆಗಿ, ಕುಡುಗೋಲು ತಂದು ಕೆರೆದು ತೆಗೆದೆ. ಅಲ್ಲಿಗೆ ಹೋಗುವ ಮುಂಚೆ ಫ್ಲಾಪ್ ಬಿಚ್ಚಿ ಒಳಗಿಡುವುದೇ ವಾಸಿ. ಮನೆಗೆ ಬಂದ ತಕ್ಷಣ ತೊಳೆಯಿರಿ. ಒಣಗಿದರೆ ಇಟ್ಟಿಗೆ ಆಗುತ್ತದೆ, ಕೀಳುವಾಗ ಬೀಡಿಂಗನ್ನೂ ಕಿತ್ತುಕೊಂಡು ಬರುತ್ತದೆ.

ಲಿಂಗಸುಗೂರಿನಿಂದ

ಕಾನೂನಿನ ಕಡೆಯೂ ಗಮನ ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಟೈರ್ ಅಳತೆಯ ಬಗ್ಗೆ ಆರ್‌ಟಿಒದಲ್ಲಿ ಒಮ್ಮೆ ಕೇಳಿ. ಮತ್ತೆ, ಈ ಟೈರ್‌ಗೆ ಮೀಟರ್ 60 ತೋರಿಸಿದರೆ ನೀವು 66ರಲ್ಲಿ ಹೋಗುತ್ತಿದ್ದೀರಿ ಅಂತ ಲೆಕ್ಕ.

ಸಂಡೂರಿನಿಂದ, ಮೂರು ವಾರ ಆದಮೇಲೆ

ಅಣ್ಣಂದಿರಿಗೆಲ್ಲ ತುಂಬಾ ಧನ್ಯವಾದ. ಸೀಳಿದ ಎರಡು ಫ್ಲೇರ್ ಹೊಸದಾಗಿ ಕೊಯ್ದೆ, ಉಳಿದ ಎರಡಕ್ಕೆ ತೂತು ಎಳೆದೆ. ಸಂಜೆ ಕೂರಿಸಿ, ಕೊನೆಯ ವಾಷರ್ ಪಕ್ಕ ಪೆನ್ಸಿಲ್ ಗೆರೆ ಹಾಕಿದ್ದೆ. ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ನೋಡಿದರೆ ಗೆರೆ ವಾಷರ್‌ನಿಂದ 3 ಮಿ.ಮೀ. ಆಚೆ ಹೋಗಿತ್ತು. ಮುಂಜಾನೆ ಮತ್ತೆ ಅಲ್ಲೇ ಬಂದು ನಿಂತಿತ್ತು. ಉಬ್ಬು ಇಲ್ಲವೇ ಇಲ್ಲ.

ಸುಣ್ಣ ಅಂಟಿದ್ದು ಎರಡೂ ಕಡೆ ಬಂಪರ್ ಪಕ್ಕದ ಮೂಲೆಯಲ್ಲಿ ಮಾತ್ರ. ಅಷ್ಟೇ ಕೊಯ್ದೆ, ಉಜ್ಜುವುದು ನಿಂತಿದೆ. ಫ್ಲಾಪ್ ಚಾಸಿಗೆ ಹಾಕಿದೆ, ಸರಪಳಿಯೂ ಇದೆ. ಅದೇ ಬಂಡೆಯಿಂದ ರಿವರ್ಸ್ ಇಳಿಸಿ ನೋಡಿದೆ, ಏನೂ ಆಗಲಿಲ್ಲ.

ರಟ್ಟಿನ ಅಚ್ಚು ಎತ್ತಿಟ್ಟಿದ್ದೇನೆ. ಜಿಪ್ಸಿ ಇರುವವರಿಗೆ ಬೇಕಾದರೆ ಹೇಳಿ, ಅಳತೆ ಬರೆದು ಇಲ್ಲೇ ಹಾಕುತ್ತೇನೆ.