ಮನೆಯಲ್ಲಿ ಕೇಳಿದಾಗ ಹಿಡಿಸದ ಆರ್ಬಿಟಲ್, ವೇದಿಕೆಯ ಮುಂದೆ ನಿಂತಾಗ ಹಿಡಿಸಿದ್ದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದು ಆರು ವರ್ಷಗಳಾದವು. ಸಹೋದ್ಯೋಗಿಯೊಬ್ಬರು ಆರ್ಬಿಟಲ್ ಎಂಬ, ಇಬ್ಬರು ಸಹೋದರರ ಇಂಗ್ಲಿಷ್ ಎಲೆಕ್ಟ್ರಾನಿಕ್ ಸಂಗೀತ ತಂಡದ ಮೊದಲ ಎರಡು ಆಲ್ಬಂಗಳನ್ನು ಕೇಳಲು ಹೇಳಿದ್ದರು. ಎರಡು ಮೂರು ಬಾರಿ ಕೇಳಿದೆ. ನಾಲ್ಕಾರು ಸ್ವರಗಳೇ ತಿರುತಿರುಗಿ ಬರುತ್ತವಲ್ಲ ಎಂದು ಬೇಸರವಾಗಿ ಬದಿಗಿಟ್ಟೆ. 2024ರಲ್ಲಿ ಅವರು ಆ ಎರಡೂ ಆಲ್ಬಂಗಳನ್ನು ಪೂರ್ತಿಯಾಗಿ ನುಡಿಸುವ ಪ್ರವಾಸ ಕೈಗೊಂಡಾಗ, ಅದೇ ಸಹೋದ್ಯೋಗಿಯ ಬಳಿ ಒಂದು ಟಿಕೆಟ್ ಉಳಿದಿತ್ತೆಂಬ ಕಾರಣಕ್ಕೆ ಜೊತೆಗೆ ಹೋದೆ.

ದೀಪಗಳು ಆರಿ ಸಭಾಂಗಣವೆಲ್ಲ ಕತ್ತಲಾದ ಮೇಲೆ ವೇದಿಕೆಯ ಮೇಲೆ ಎರಡು ಜೊತೆ ಬೆಳಕಿನ ಚುಕ್ಕಿಗಳು ಕಾಣಿಸಿಕೊಂಡವು. ಅಣ್ಣ ತಮ್ಮ ಇಬ್ಬರೂ ಕನ್ನಡಕದ ಎರಡು ಬದಿಗೆ ಪುಟ್ಟ ಟಾರ್ಚುಗಳನ್ನು ಸಿಕ್ಕಿಸಿಕೊಂಡಿದ್ದರು. ಅವರು ತಲೆಯಾಡಿಸಿದಂತೆಲ್ಲ ಆ ಚುಕ್ಕಿಗಳೂ ತಾಳಕ್ಕೆ ತಕ್ಕಂತೆ ಆಡುತ್ತಿದ್ದವು. ಮನೆಯಲ್ಲಿ ನನಗೆ ಬೇಸರ ತರಿಸಿದ್ದ ಅವೇ ಸ್ವರಗಳು ಅಲ್ಲಿ ಒಂದರ ಮೇಲೊಂದು ಏರುತ್ತ ಹೋದಾಗ, ನಾನು ಎರಡು ಗಂಟೆ ನಿಂತಲ್ಲೇ ಕುಣಿದೆನೆಂದು ತಿಳಿದದ್ದು ಹೊರಗೆ ಬಂದು ಗಡಿಯಾರ ನೋಡಿಕೊಂಡ ಮೇಲೆಯೇ. ಆಮೇಲೆ ಇನ್ನೂ ಮೂರು ಬಾರಿ, ಬೇರೆ ಬೇರೆ ಊರುಗಳಿಗೆ ರೈಲಿನಲ್ಲಿ ಹೋಗಿ ಅವರನ್ನು ಕೇಳಿ ಬಂದಿದ್ದೇನೆ. ಇದು ದೊಡ್ಡ ಸ್ಪೀಕರುಗಳ ಮತ್ತು ಜನಸಂದಣಿಯ ಪ್ರಭಾವ ಮಾತ್ರವೇ? ಅಥವಾ ಅವರು ನಿಜವಾಗಿ ಏನನ್ನಾದರೂ ನುಡಿಸುತ್ತಾರೆಯೇ? ಅವರು ಒಂದು ಬಟನ್ ಒತ್ತಿ ಸುಮ್ಮನೆ ನಿಂತಿರುತ್ತಾರೆ ಎಂದು ನನ್ನ ತಮ್ಮ ಬಲವಾಗಿ ವಾದಿಸುತ್ತಿದ್ದಾನೆ.

ಉತ್ತರ 1

ನಿಮ್ಮ ತಮ್ಮನವರ ಸಂಶಯ ಸಹಜವಾದದ್ದೇ, ಏಕೆಂದರೆ ಗಿಟಾರ್ ನುಡಿಸುವವರ ಕೈ ಕಂಡಂತೆ ಇವರ ಕೈ ದೂರಕ್ಕೆ ಕಾಣುವುದಿಲ್ಲ. ಆದರೆ ಫಿಲ್ ಮತ್ತು ಪಾಲ್ ಹಾರ್ಟ್‌ನೊಲ್ ಸಹೋದರರ ಮಟ್ಟಿಗೆ ಆ ಸಂಶಯ ಸಲ್ಲದು. ಅವರು ಬಹುಕಾಲ ವೇದಿಕೆಯ ಮೇಲೆ ಬಳಸಿದ್ದು ಅಲೆಸಿಸ್ ಕಂಪನಿಯ ಎಂಎಂಟಿ-8 ಎಂಬ ಸೀಕ್ವೆನ್ಸರ್ ಯಂತ್ರವನ್ನು. ಅದರಿಂದ ಯಾವ ನಾದವೂ ಹೊರಡುವುದಿಲ್ಲ. ಯಾವ ಸ್ವರ ಯಾವಾಗ ಬರಬೇಕು ಎಂಬ ಸೂಚನೆಯನ್ನು ಮಾತ್ರ ಅದು ನಾದ ಹೊರಡಿಸುವ ಸಿಂಥಸೈಸರುಗಳಿಗೆ ಕಳುಹಿಸುತ್ತದೆ. ಅದರಲ್ಲಿ ಎಂಟು ಟ್ರ್ಯಾಕುಗಳು, ಒಂದೊಂದಕ್ಕೂ ಒಂದೊಂದು ಬಟನ್. ಬಟನ್ ಒತ್ತಿದರೆ ಡ್ರಮ್ ಒಳಗೆ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಮೌನವಾಗುತ್ತದೆ. ಬೇಸ್, ಮೇಲಿನ ಸ್ವರಗಳು, ಎಲ್ಲವೂ ಹಾಗೆಯೇ. ಇದರಲ್ಲಿ ಮುಖ್ಯವಾದ ಸಂಗತಿಯೆಂದರೆ, ಯಂತ್ರವು ಒಂದು ಭಾಗವನ್ನು ತಾನಾಗಿ ಮುಗಿಸುವುದಿಲ್ಲ. ಮುಂದಿನದಕ್ಕೆ ಹೋಗು ಎಂದು ಕೈ ಹೇಳುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಹಾಗಾಗಿ ಒಂದು ರಚನೆ ಎಷ್ಟು ಹೊತ್ತು ಬೆಳೆಯಬೇಕು, ಡ್ರಮ್ಮನ್ನು ಎಷ್ಟು ಸುತ್ತು ತಡೆದು ಯಾವ ಕ್ಷಣದಲ್ಲಿ ಬಿಡಬೇಕು ಎಂಬುದನ್ನು ಅವರು ಎದುರಿಗಿರುವ ಜನರನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತಿತ್ತು. ಆಮೇಲೆ ಅವರು ಏಬಲ್‌ಟನ್ ಎಂಬ ಕಂಪ್ಯೂಟರ್ ಸಂಗೀತ ತಂತ್ರಾಂಶಕ್ಕೆ ಬಂದಾಗಲೂ ಈ ಕ್ರಮವನ್ನು ಬಿಡಲಿಲ್ಲ.

ನೀವು ಮೈಸೂರಿನವರಾದ್ದರಿಂದ ಹೇಳುತ್ತೇನೆ: ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ತನಿ ಆವರ್ತನ ಕೇಳುವಾಗ ಮುಕ್ತಾಯ ಈಗ ಬಂತು, ಇನ್ನೇನು ಬಂತು ಎಂದು ಕಾಯುತ್ತೇವಲ್ಲ, ನೀವು ಆ ಸಭಾಂಗಣದಲ್ಲಿ ಕಾದದ್ದೂ ಅಂಥದ್ದನ್ನೇ. ಆಲ್ಬಮ್ಮಿನಲ್ಲಿ ಆ ಕಾಯುವಿಕೆಯ ಉದ್ದ ಮೊದಲೇ ನಿಗದಿಯಾಗಿರುತ್ತದೆ, ಎರಡನೇ ಬಾರಿ ಕೇಳುವಾಗ ಅದು ನಮಗೂ ಗೊತ್ತಿರುತ್ತದೆ.

1994ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಶನಿವಾರ ರಾತ್ರಿ ಅವರು ನುಡಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಉತ್ಸವವನ್ನು ಚಾನೆಲ್ 4 ಮೊದಲ ಬಾರಿಗೆ ದೂರದರ್ಶನದಲ್ಲಿ ತೋರಿಸಿದ್ದು ಆ ವರ್ಷವೇ. ರಾತ್ರಿಯಿಡೀ ಕುಣಿಯುವ ಕೂಟಗಳ ಈ ರೇವ್ ಸಂಗೀತವೆಂದರೆ ಗೋದಾಮುಗಳಲ್ಲಿ ಕದ್ದುಮುಚ್ಚಿ ನಡೆಯುವಂಥದ್ದು ಎಂದುಕೊಂಡಿದ್ದವರು, ಗಿಟಾರ್ ತಂಡಗಳ ಹೊಲದಲ್ಲಿ ಅದು ಅಷ್ಟು ದೊಡ್ಡ ಜನಸ್ತೋಮವನ್ನು ಹಿಡಿದು ನಿಲ್ಲಿಸಿದ್ದನ್ನು ಅಂದು ಕಣ್ಣಾರೆ ಕಂಡರು.

ಉತ್ತರ 2

ಟಾರ್ಚಿನ ಕನ್ನಡಕದ ಬಗ್ಗೆ ಒಂದು ಮಾತು. ಅದು ವೇಷಕ್ಕಾಗಿ ಬಂದದ್ದಲ್ಲ. ಕತ್ತಲೆಯ ವೇದಿಕೆಯಲ್ಲಿ ಬಟನ್‌ಗಳು ಕಾಣಲಿ ಎಂದು ಹಾಕಿಕೊಂಡದ್ದು ಕ್ರಮೇಣ ತಂಡದ ಗುರುತೇ ಆಯಿತು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಸ್ಟೀಫನ್ ಹಾಕಿಂಗ್ ಅವರು ಅದೇ ಕನ್ನಡಕ ಧರಿಸಿ ಇವರೊಂದಿಗೆ ಕಾಣಿಸಿಕೊಂಡದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು.

ನಾನು ಅಭಿಮಾನಿಯಾದದ್ದು ಇವರ ‘ಹ್ಯಾಲ್ಸಿಯನ್’ ರಚನೆಯಿಂದ. ನಾನು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುವವಳು, ಆದ್ದರಿಂದ ಆ ಹೆಸರೇ ನನ್ನನ್ನು ಮೊದಲು ತಡೆದು ನಿಲ್ಲಿಸಿತು. ಹ್ಯಾಲ್ಸಿಯನ್ ಎಂಬುದು ಟ್ರಯಾಜೊಲಾಮ್ ಎಂಬ ನಿದ್ದೆಮಾತ್ರೆಯ ವ್ಯಾಪಾರನಾಮ. ಬ್ರಿಟನ್ನಿನಲ್ಲಿ 1991ರಲ್ಲಿ ಅದರ ಮಾರಾಟವನ್ನು ನಿಲ್ಲಿಸಲಾಯಿತು. ಈ ಸಹೋದರರ ತಾಯಿ ವರ್ಷಗಟ್ಟಲೆ ಆ ಮಾತ್ರೆಗೆ ಅಂಟಿಕೊಂಡು ನರಳಿದವರು, ಮತ್ತು 1992ರಲ್ಲಿ ಹೊರಬಂದ ಈ ರಚನೆ ಅವರಿಗೆ ಅರ್ಪಿತವಾದದ್ದು. ಇಷ್ಟನ್ನು ತಿಳಿದು ವೇದಿಕೆಯ ಮುಂದೆ ನಿಂತವಳಿಗೆ ಅದರಲ್ಲಿನ ಮಂಪರಿನಂಥ ಹೆಣ್ಣುದನಿ ಬೇರೆಯೇ ಆಗಿ ಕೇಳಿಸಿತು. ಅದರ ನಡುವೆ ಅವರು ಬಾನ್ ಜೋವಿ ಮತ್ತು ಬೆಲಿಂಡಾ ಕಾರ್ಲೈಲ್ ಅವರ ಹಾಡುಗಳ ತುಣುಕುಗಳನ್ನು ಸೇರಿಸಿದಾಗ ಸಭೆಯೆಲ್ಲ ಒಟ್ಟಿಗೆ ಹಾಡತೊಡಗಿತು. ಅಷ್ಟು ದುಃಖದ ಮೂಲದಿಂದ ಅಷ್ಟು ಸಂತೋಷ ಬರಬಹುದೆಂಬುದನ್ನು ನಾನು ಮನೆಯಲ್ಲಿ ಕುಳಿತು ಎಂದೂ ಊಹಿಸಲಾರದವಳಾಗಿದ್ದೆ.

ಹಾಗೆಂದು ಸ್ಪೀಕರುಗಳ ಪಾಲನ್ನು ನಾನು ತಳ್ಳಿಹಾಕುವುದಿಲ್ಲ. ಬೇಸ್ ಎದೆಗೂಡಿಗೆ ಬಂದು ತಟ್ಟಬೇಕು. ಫೋನಿನ ಸ್ಪೀಕರಿನಲ್ಲಿ ಅದು ಅರ್ಧಕ್ಕರ್ಧ ಕಳೆದುಹೋಗಿರುತ್ತದೆ. ದಯವಿಟ್ಟು ಇಯರ್ ಪ್ಲಗ್ ಹಾಕಿಕೊಳ್ಳಿ. ಒಮ್ಮೆ ನಾನು ಅದನ್ನು ಮರೆತು ಮುಂದೆ ನಿಂತು, ಮೂರು ದಿನ ಕಿವಿಯಲ್ಲಿ ಗುಂಯ್ ಎನ್ನುವುದನ್ನು ಅನುಭವಿಸಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ತಮ್ಮನಿಗೆ ಕಳುಹಿಸಿದೆ. ಅವನಿನ್ನೂ ಪೂರ್ತಿ ಒಪ್ಪಿಲ್ಲ. ಕಳೆದ ವಾರ ನಾನು ಬೇಗನೆ ಹೋಗಿ, ಮಧ್ಯದಲ್ಲಿ ನಿಲ್ಲದೆ ವೇದಿಕೆಯ ಪಕ್ಕಕ್ಕೆ, ಅವರ ಕೈ ಕಾಣುವಷ್ಟು ಹತ್ತಿರ ನಿಂತೆ. ‘ಚೈಮ್’ ಎಂಬ ರಚನೆಯನ್ನು ನುಡಿಸುವಾಗ (ಅದನ್ನು ಅವರು ಯುವಕರಾಗಿದ್ದಾಗ ಹೆತ್ತವರ ಮನೆಯಲ್ಲಿ ಕ್ಯಾಸೆಟ್ ಡೆಕ್ಕಿಗೆ ಧ್ವನಿಮುದ್ರಿಸಿದ್ದರಂತೆ) ಡ್ರಮ್ ನಿಂತು ಮೇಲಿನ ಸ್ವರಗಳಷ್ಟೇ ಉಳಿದವು. ಕನ್ನಡಕದ ಬೆಳಕು ಬಿದ್ದ ಬಟನ್ನಿನ ಮೇಲೆ ಬೆರಳು ಸಿದ್ಧವಾಗಿ ಕುಳಿತಿತ್ತು. ಒಂದು ಸುತ್ತು, ಎರಡು ಸುತ್ತು, ನಾಲ್ಕು ಸುತ್ತು ಕಳೆದರೂ ಅದು ಒತ್ತಲಿಲ್ಲ. ತಲೆ ಮೇಲಕ್ಕೆದ್ದು ಜನರತ್ತ ಒಮ್ಮೆ ನೋಡಿತು, ಇನ್ನೂ ಎರಡು ಸುತ್ತು ಕಾಯಿತು, ಆಮೇಲೆ ಒತ್ತಿತು.